ಶಾಸಕರೇ, ನಿಯೋಜನೆಗೆ ಪತ್ರ ಕೊಡಬೇಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ದಿನಾ ಬೆಳಗ್ಗೆ ನಿಮ್ಮ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲುವವರಲ್ಲಿ ಶಿಕ್ಷಕರೂ ಇರುತ್ತಾರೆ. ಅವರಲ್ಲಿ ಬಹಳ ಮಂದಿ ಕೇಳುವುದು ಒಂದೇ. ಹಳ್ಳಿ ಶಾಲೆಯಿಂದ ಪಟ್ಟಣದ ಶಾಲೆಗೋ, ಯಾವುದಾದರೂ ಕಚೇರಿಗೋ ನಿಯೋಜನೆ ಮಾಡಿಸಿಕೊಡಿ, ಅಂದರೆ ಹುದ್ದೆ, ಪಗಾರ ಹಳ್ಳಿ ಶಾಲೆಯಲ್ಲೇ ಇರಲಿ, ಕೆಲಸ ಮಾತ್ರ ಅಲ್ಲಿ ಕೊಡಿಸಿ ಅಂತ. ನಿಮ್ಮ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು, ಕೆಳಗೆ ಒಂದು ಸಹಿ. ಅವರಿಗೆ ಅಷ್ಟು ಸಾಕು. ಆ ಎರಡು ಸಾಲನ್ನು ಇನ್ನು ಮೇಲೆ ಬರೆಯಬೇಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಿಮಗೆ ಮತ ಹಾಕಿದ್ದೇನೆ. ಪಕ್ಷ ನೋಡಿ ಹಾಕಲಿಲ್ಲ, ನೀವು ನಡೆದು ಬಂದ ದಾರಿ ನೋಡಿ ಹಾಕಿದೆ.

ಮೊದಲು ನೀವು ಮಾಸ್ತರು. ಅನುದಾನಿತ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದಿರಿ. ಆಮೇಲೆ ಕಾನೂನು ಓದಿದಿರಿ. ಪಗಾರದ ನೌಕರಿಯಲ್ಲಿ ಇದ್ದುಕೊಂಡು ವಕೀಲಿಕೆ ಮಾಡಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಹಾಗಾಗಿ ರಾಜೀನಾಮೆ ಕೊಟ್ಟು ಕರಿ ಕೋಟು ಹಾಕಿದಿರಿ. "ಮಾಸ್ತರಿಗೆ ಏನಾಗ್ಯಾದ್ರೀ, ತಿಂಗಳಾ ಬರೋ ಪಗಾರ ಯಾರರ ಬಿಡ್ತಾರೇನು?" ಅಂತ ಜನ ಆಡಿಕೊಂಡಿದ್ದು ನನಗೆ ನೆನಪಿದೆ. ನಮ್ಮ ಭಾಗದಲ್ಲಿ ಒಂದು ಮನೆಗೆ ಒಂದು ಪಗಾರ ಬರುತ್ತದೆ ಅಂದರೆ ಅದು ಅಣ್ಣತಮ್ಮಂದಿರ ಓದು, ತಂಗಿಯ ಮದುವೆ, ಅಪ್ಪನ ಸಾಲ ಎಲ್ಲವೂ ಹೌದು. ಅದನ್ನು ಬಿಡಲು ಧೈರ್ಯ ಬೇಕು.

ಶಾಸಕರಾದವರು ವಕೀಲಿಕೆ ಬಿಡಲೇಬೇಕು ಅಂತೇನೂ ಇಲ್ಲ. ಅವರು ಕೋರ್ಟಿನಲ್ಲಿ ವಾದ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀವು ಮಾತ್ರ ಗೆದ್ದ ಮೇಲೆ ಕೇಸು ಹಿಡಿಯುವುದನ್ನು ನಿಲ್ಲಿಸಿದಿರಿ. ಎರಡು ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದವರು ನೀವು. ನಿಮ್ಮ ಹತ್ತಿರ ಇದನ್ನು ಕೇಳಬಹುದು ಅನ್ನುವ ಸಲುಗೆ ನನಗೆ ಬಂದಿದ್ದು ಅದರಿಂದಲೇ.

ನಮ್ಮ ಭಾಗದಲ್ಲಿ ಪಾಠ ಹೇಳುವವರು ಊರಿನ ಕೆಲಸಕ್ಕೆ ಇಳಿಯುವುದು ಹೊಸದೇನಲ್ಲ. ನಿಜಾಮರ ಕಾಲದಲ್ಲಿ ಸರ್ಕಾರದ ಭಾಷೆ ಉರ್ದು. ಆಗ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಕನ್ನಡ ಮೇಷ್ಟ್ರಾಗಿದ್ದ ಕವಿ ಶಾಂತರಸರು ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿದ್ದರು. ಅವರಿಗೆ ತರಗತಿ ಬೇರೆ, ಊರು ಬೇರೆ ಆಗಿರಲಿಲ್ಲ.

ವಕೀಲರಾದ ಮೇಲೂ ನೀವು ಮಾಸ್ತರಿಕೆ ಬಿಡಲಿಲ್ಲ. ನಿಮ್ಮ ಆಫೀಸಿನ ಬೆಂಚಿನ ಮೇಲೆ ಕೂತ ರೈತನಿಗೆ ನೋಟಿಸನ್ನು ಓದಿ, ಸಾಲು ಸಾಲಿಗೆ ಅರ್ಥ ಹೇಳುತ್ತಿದ್ದಿರಿ. ಹಳ್ಳಿಯವನಿಗೆ ಕೋರ್ಟು ಎಷ್ಟು ದೂರ ಅನ್ನುವುದು ನಿಮಗೆ ಗೊತ್ತು. 2008ಕ್ಕಿಂತ ಮೊದಲು ಹೈಕೋರ್ಟ್ ಅಂದರೆ ಬೆಂಗಳೂರೇ. ಆ ವರ್ಷ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ ಶುರುವಾಯಿತು. 2013ರಲ್ಲಿ ಅವು ಕಾಯಂ ಆದವು. ಈಗ ನಮ್ಮ ಜಿಲ್ಲೆಯವರು ಕಲಬುರಗಿಗೆ ಹೋಗುತ್ತಾರೆ, ಕೊಪ್ಪಳ ಬಳ್ಳಾರಿಯವರು ಧಾರವಾಡಕ್ಕೆ. ಆದರೆ ಪೀಠದ ಕಟ್ಟಡ ಹತ್ತಿರ ಬಂದು ನ್ಯಾಯಾಧೀಶರೇ ಇಲ್ಲದಿದ್ದರೆ ಏನು ಬಂತು? ಶಾಲೆಯದ್ದೂ ಹಾಗೇ ಅಲ್ವಾ?

ಈಗ ನಿಯೋಜನೆಯ ಮಾತಿಗೆ ಬರುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ನೀವು ತಾಲೂಕು ಕೋರ್ಟಿನ ವಕೀಲರು. ನಾವು ಕರೆದಿದ್ದಕ್ಕೆ ಶಾಲೆಗೆ ಬಂದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು, ತಾಯಂದಿರನ್ನು ಕೂರಿಸಿಕೊಂಡು ಆ ಕಾಯ್ದೆ ಬಿಡಿಸಿ ಹೇಳಿದಿರಿ. 6ರಿಂದ 14 ವರ್ಷದ ಮಗುವಿಗೆ ಶಾಲೆ ಹಕ್ಕು, ಯಾರೂ ಕೊಡುವ ದಾನ ಅಲ್ಲ ಅಂದಿರಿ. ಕಲಂ 25ನ್ನೂ ಓದಿದಿರಿ. ಅದನ್ನೇ ಈಗ ನಿಮಗೆ ಓದಿ ಹೇಳಬೇಕಾಗಿದೆ.

ಮಕ್ಕಳಿಗೆ ತಕ್ಕಷ್ಟು ಶಿಕ್ಷಕರು ಇರಬೇಕು ಅನ್ನುತ್ತದೆ ಆ ಕಲಂ. ಅದರ ಎರಡನೇ ಭಾಗದ ಪ್ರಕಾರ, ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಇನ್ನೊಂದು ಶಾಲೆಯಲ್ಲಾಗಲಿ, ಕಚೇರಿಯಲ್ಲಾಗಲಿ ದುಡಿಸುವಂತಿಲ್ಲ. ವಿನಾಯಿತಿ ಇರುವುದು ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಗೆ, ವಿಪತ್ತು ಪರಿಹಾರಕ್ಕೆ, ಚುನಾವಣೆಗೆ. ಅದು ಕಲಂ 27. ಶಾಸಕರ ಪತ್ರಕ್ಕೆ ವಿನಾಯಿತಿ ಎಲ್ಲೂ ಇಲ್ಲ.

ಶಿಕ್ಷಕರ ವರ್ಗಾವಣೆಗೆ ಬೇರೆ ಕಾಯ್ದೆಯೇ ಇದೆ. 2007ರಲ್ಲಿ ಒಂದು ಬಂತು, 2020ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಕೌನ್ಸೆಲಿಂಗ್ ಇದೆ, ಆದ್ಯತೆ ಇದೆ, ಎಲ್ಲರ ಕಣ್ಣೆದುರು ಜಾಗ ಆರಿಸಿಕೊಳ್ಳುವ ವ್ಯವಸ್ಥೆ ಇದೆ. ವಶೀಲಿ ನಿಲ್ಲಲಿ ಅಂತಲೇ ಇಷ್ಟೆಲ್ಲ ಮಾಡಿದ್ದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ, ನಿಯೋಜನೆ ಮಾತ್ರ ಉಳಿದುಕೊಂಡಿದೆ.

ಅದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ನಿಯೋಜನೆ ಮೇಲೆ ಹೋದ ಶಿಕ್ಷಕರ ಪಗಾರ ಹಳ್ಳಿ ಶಾಲೆಯ ಲೆಕ್ಕದಲ್ಲೇ ಆಗುತ್ತದೆ. ಕಾಗದದಲ್ಲಿ ಆ ಹುದ್ದೆ ಭರ್ತಿ. ಖಾಲಿ ಇಲ್ಲದ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೊಡುವುದಿಲ್ಲ. ಹುದ್ದೆ ನಿಜವಾಗಿ ಖಾಲಿ ಇದ್ದಿದ್ದರೆ ಒಬ್ಬ ಅತಿಥಿ ಶಿಕ್ಷಕಿಯಾದರೂ ಬರುತ್ತಿದ್ದಳು. ಇಲ್ಲಿ ಅದೂ ಇಲ್ಲ. ಖಾಲಿ ಹುದ್ದೆಗಿಂತ ನಿಯೋಜನೆ ಕೆಟ್ಟದ್ದು ಅಂತ ನಾನು ಹೇಳುವುದು ಇದಕ್ಕೇ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಮಕ್ಕಳು ಹತ್ತೇ ಇದ್ದರೂ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಪಟ್ಟಣ ಸೇರಿಕೊಂಡರೆ ಉಳಿದವರ ಗತಿ ಏನು? ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿಕಲಿ, ಪಕ್ಕದಲ್ಲೇ ನಾಲ್ಕು, ಐದು. ಬಿಸಿಯೂಟದ ಲೆಕ್ಕ ಬರೀಬೇಕು, ಹಾಲು ಮೊಟ್ಟೆ ನೋಡಬೇಕು, ಮೊಬೈಲಿನಲ್ಲಿ ಹಾಜರಾತಿ ಹಾಕಬೇಕು. ತರಬೇತಿಗೆ ಬನ್ನಿ, ಸಭೆಗೆ ಬನ್ನಿ ಅಂತ ಫೋನ್ ಬಂದ ದಿನ ಅಡುಗೆ ಅಕ್ಕನೇ ಮಕ್ಕಳನ್ನು ಕಾಯಬೇಕು. ಇಂಥ ಶಾಲೆಗಳಲ್ಲಿ ನಾನು ಒಬ್ಬಳೇ ಇದ್ದೆ. ಜೊತೆಯವರ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು, ಅವರು ಇರುತ್ತಿರಲಿಲ್ಲ. ಮಕ್ಕಳಿಗೆ ಒಂದೊಂದು ಲೆಕ್ಕ ಕೊಟ್ಟು, ಇನ್ನೊಂದು ತರಗತಿ ಕಡೆ ತಿರುಗಿ, ವಾಪಸ್ ಬರುವಷ್ಟರಲ್ಲಿ ಆ ಲೆಕ್ಕದ ಜೋಷೇ ಇಳಿದುಹೋಗಿರುತ್ತಿತ್ತು. ಓದಲು ಬರದೆ ಐದನೇ ತರಗತಿ ದಾಟಿದ ಮಕ್ಕಳ ಮುಖ ನನಗೆ ಮರೆತಿಲ್ಲ.

ಪಾಠ ಆಗದ ಶಾಲೆಯಿಂದ ಮಗುವನ್ನು ಬಿಡಿಸುವುದು ಸುಲಭ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬರುತ್ತದೆ. ಅದರ ಹಿಂದೆ ಮೆಣಸಿನಕಾಯಿ. ಬೆಳಗಿನ ಟಂಟಂನಲ್ಲಿ ದೊಡ್ಡವರ ನಡುವೆ ಹುಡುಗಿಯರೂ ಹತ್ತುತ್ತಾರೆ. "ಸಾಲ್ಯಾಗ ಸುಮ್ನ ಕುಂದ್ರತಾಳ್ರೀ, ಅದಕ್ಕ ಕರ್ಕೊಂಡು ಹೊಂಟೀವಿ" ಅಂತ ತಾಯಿ ಹೇಳಿದರೆ ಏನು ಉತ್ತರ ಕೊಡೋದು? ಗುಳೆ ಹೋಗುವ ಮನೆಯವರು ಮಗುವನ್ನು ಅಜ್ಜಿಯ ಹತ್ತಿರ ಬಿಡಬೇಕಾದರೆ, ಶಾಲೆ ನಡೆಯುತ್ತದೆ ಅನ್ನುವ ನಂಬಿಕೆ ಅವರಿಗೆ ಇರಬೇಕು. ಇಲ್ಲದಿದ್ದರೆ ಮಗುವೂ ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೇ ಹೋಗುತ್ತದೆ. ವರ್ಷಗಟ್ಟಲೆ ಶಾಲೆಗೆ ಬಾರದ ಹುಡುಗಿಗೆ ಬೇಗ ಮದುವೆಯೂ ಆಗುತ್ತದೆ. ಕರ್ನಾಟಕದ ತಿದ್ದುಪಡಿ ಆದ ಮೇಲೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅನ್ನುವುದು ವಕೀಲರಾದ ನಿಮಗೆ ಗೊತ್ತು. ಆದರೆ ಆ ಮದುವೆಯ ಸುಳಿವು ಮೊದಲು ಸಿಗುವುದು ಕೋರ್ಟಿಗಲ್ಲ, ಹಾಜರಿ ಕೂಗುವ ಟೀಚರಿಗೆ. ಹಾಜರಿ ಕೂಗುವವರೇ ಇಲ್ಲದಿದ್ದರೆ?

ನಿಯೋಜನೆ ಕೇಳುವ ಶಿಕ್ಷಕರೆಲ್ಲ ಕೆಲಸಗಳ್ಳರು ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಅತ್ತೆ ಇರುವವರಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರಿದ್ದಾರೆ. ಬೆಳಗ್ಗೆ ಒಂದೇ ಬಸ್ಸು, ಅದೂ ಶಾಲೆ ಶುರುವಾದ ಮೇಲೆ ಬರುತ್ತದೆ. ಶಾಲೆಯಲ್ಲಿ ಶಿಕ್ಷಕಿಯರಿಗೆ ಒಂದು ಸರಿಯಾದ ಶೌಚಾಲಯ ಇರುವುದಿಲ್ಲ. ಊರಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ. ಸಣ್ಣ ಮಗುವಿನ ತಾಯಿಗೆ ಇದೆಲ್ಲ ಎಷ್ಟು ಕಷ್ಟ ಅನ್ನುವುದನ್ನು ನಾನೇ ಅನುಭವಿಸಿದ್ದೇನೆ. ಆದರೆ ಇದಕ್ಕೆ ಮದ್ದು ಬೇರೆ ಇದೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಒಂದು ಪತ್ರ ಬರೆದು ಆ ಬಸ್ಸಿನ ಸಮಯ ಬದಲಾಯಿಸಿ. ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಶೌಚಾಲಯ ಕಟ್ಟಿಸಿ. ಕಾಯಿಲೆ ಇದ್ದವರಿಗೆ ಕೌನ್ಸೆಲಿಂಗ್‌ನಲ್ಲಿ ಆದ್ಯತೆ ಸಿಗುತ್ತಿದೆಯಾ ಅಂತ ಬೆನ್ನು ಹತ್ತಿ ಕೇಳಿ. ಲೆಟರ್‌ಹೆಡ್ಡಿಗೆ ಕೆಲಸ ಕಡಿಮೆ ಆಗುವುದಿಲ್ಲ. ಒಬ್ಬರಿಗಾಗುವ ಉಪಕಾರ ಆ ರೂಟಿನ ಎಲ್ಲ ಶಿಕ್ಷಕಿಯರಿಗೂ ಆಗುತ್ತದೆ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದರಿಂದ, 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಮಾಡಿದ್ದರಿಂದ ಅದು ಬಂತು. ಈಗ ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೇ. ಇಲ್ಲಿಯ ಮಕ್ಕಳಿಗೆ ಇಲ್ಲಿಯ ಮಾತು ಗೊತ್ತಿರುವ, ಇಲ್ಲೇ ಉಳಿಯುವ ಶಿಕ್ಷಕರು ಸಿಗಲಿ ಅನ್ನುವ ಆಸೆಯೂ ಆ ಹೋರಾಟದಲ್ಲಿ ಇತ್ತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು. ರಾಯಚೂರು ಜಿಲ್ಲೆಯದ್ದು ಶೇ 60ಕ್ಕೂ ಸ್ವಲ್ಪ ಕಡಿಮೆ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಇಂಥ ಜಿಲ್ಲೆಯಲ್ಲಿ, ಹೋರಾಡಿ ಪಡೆದ ಹುದ್ದೆಯೊಂದು ಹಳ್ಳಿ ಹೆಸರಲ್ಲಿ ಪಗಾರ ಪಡೆದು ಪಟ್ಟಣದಲ್ಲಿ ದುಡಿಯುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ.

ನಿಮ್ಮನ್ನೇ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ 7 ಸದಸ್ಯರು ಇದ್ದಾರೆ. ಆ ಚುನಾವಣೆಯಲ್ಲಿ ಮತ ಇರುವುದು ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನ ಶಿಕ್ಷಕರಿಗೆ ಮಾತ್ರ. ಸಂವಿಧಾನದ 171ನೇ ವಿಧಿಯೇ ಹಾಗಿದೆ. ಅ ಆ ಇ ಈ ಕಲಿಸುವ ಶಿಕ್ಷಕರಿಗೆ ಅಲ್ಲಿ ಮತವಿಲ್ಲ. ಅವರ ಮುಂದೆ ಕೂರುವ ಮಕ್ಕಳಿಗಂತೂ ಎಲ್ಲೂ ಇಲ್ಲ. ಹಳ್ಳಿ ಪ್ರಾಥಮಿಕ ಶಾಲೆಯ ಪರವಾಗಿ ಸದನದಲ್ಲಿ ಎದ್ದು ನಿಲ್ಲುವವರು ಯಾರು? ವಿಧಾನಸಭೆಯ 224 ಜನರಲ್ಲಿ ತರಗತಿಯಲ್ಲೂ ನಿಂತು, ಕೋರ್ಟಿನಲ್ಲೂ ನಿಂತು ಬಂದವರು ಎಷ್ಟು ಮಂದಿ ಸಿಗುತ್ತಾರೆ? ನೀವು ಎದ್ದು ನಿಲ್ಲಬೇಕು.

ಮೊದಲ ಕೆಲಸ ನಿಮ್ಮ ಕೈಯಲ್ಲೇ ಇದೆ. ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ತಾಲೂಕಿನ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಂದ ಒಂದು ಪಟ್ಟಿ ಕೇಳಿ. ಯಾವ ಶಾಲೆಯಲ್ಲಿ ಪಗಾರ, ಎಲ್ಲಿ ಕೆಲಸ, ಯಾವ ಆದೇಶದ ಮೇಲೆ, ಎಂದಿನಿಂದ. ಅದರಲ್ಲಿ ನಿಮ್ಮ ಪತ್ರದಿಂದ ಆದ ನಿಯೋಜನೆಗಳೂ ಇರಬಹುದು. ಅವನ್ನೂ ಓದಿಸಿ. ಒಬ್ಬರೇ ಶಿಕ್ಷಕರು ಉಳಿದ ಶಾಲೆಗಳಿಂದ ಹೋದವರನ್ನು ಮೊದಲು ಅಲ್ಲಿಗೇ ವಾಪಸ್ ಕಳಿಸಲಿ. ಬೇರೆ ಶಾಲೆಗಳದ್ದು ಆಮೇಲೆ.

ಎರಡನೆಯದು ಸದನದ ಕೆಲಸ. ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಚರ್ಚೆ ಅಂತ ಒಂದೆರಡು ದಿನ ಇಡುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. ಕಲ್ಯಾಣ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಇರುವ ಶಿಕ್ಷಕರು ಎಷ್ಟು, ಕಲಂ 25 ಇದಕ್ಕೆ ಅವಕಾಶ ಕೊಡುತ್ತದೆಯಾ ಅಂತ ಮಂತ್ರಿಗಳನ್ನೇ ಕೇಳಿ. ಖಾಲಿ ಹುದ್ದೆ ಶೇ 10 ಮೀರಬಾರದು ಅನ್ನುತ್ತದೆ ಕಲಂ 26. ಅದರ ಲೆಕ್ಕವನ್ನೂ ಶಾಲೆವಾರು ಕೇಳಿ. ಉತ್ತರ ಹಾರಿಕೆಯದ್ದಾಗಿದ್ದರೆ ಉಪಪ್ರಶ್ನೆ ಕೇಳುವುದು ಹೇಗೆ ಅನ್ನುವುದನ್ನು ಪಾಟೀ ಸವಾಲು ಮಾಡಿ ಬಂದ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಪತ್ರ ಕೊಡುವುದು ನಿಲ್ಲಿಸಿದರೆ ನಿಮಗೆ ಮತ ಕಡಿಮೆ ಆಗಬಹುದು. ಶಿಕ್ಷಕರ ಮನೆಗಳಲ್ಲಿ ಸಿಟ್ಟು ಬರುತ್ತದೆ. ಕಾರ್ಯಕರ್ತರೂ "ಇಷ್ಟೂ ಮಾಡಿಕೊಡದಿದ್ರ ಹೆಂಗ್ರೀ ಸರ" ಅನ್ನುತ್ತಾರೆ. ಆಗ ನಮ್ಮಂಥವರನ್ನು ಕರೆಯಿರಿ. ನಿವೃತ್ತ ಶಿಕ್ಷಕರು ಪ್ರತಿ ಹೋಬಳಿಯಲ್ಲೂ ಇದ್ದೇವೆ. ಅವರ ಮನೆಗೆ ಹೋಗಿ, ಶಾಸಕರು ಯಾಕೆ ಇಲ್ಲ ಅಂದರು ಅನ್ನುವುದನ್ನು ನಾವು ಹೇಳುತ್ತೇವೆ.

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ಆ ಪಟ್ಟಿ ಅದಕ್ಕಿಂತ ಮೊದಲು ಬೇಕು. ಬಂದ ಮೇಲೆ ನಿಮ್ಮ ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚಿಸಿ, ಒಂದು ಪ್ರತಿ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ರಾಯಚೂರು ಜಿಲ್ಲೆ