ಪುಟ್ಟಿಗೆ, ಅರ್ಧ ಪಟ್ಟಿಯ ವಿಷಯವಾಗಿ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ವಿದ್ಯಾರ್ಥಿವೇತನದ ಪಟ್ಟಿಯನ್ನು ಡೇಟಾಬೇಸ್ ಒಳಗಿನ ಒಂದು ಫಂಕ್ಷನ್‌ನಿಂದ, ಅಂದರೆ ಕರೆದಾಗ ಉತ್ತರ ಕೊಡುವ ಕೋಡಿನ ತುಂಡಿನಿಂದ, ತಂದು ಸ್ಕ್ರೀನ್ ಮೇಲೆ ತೋರಿಸುವುದು ನಿನ್ನ ಕೆಲಸ ಅಂತ ಬರೆದಿದ್ದೀಯ. ಅದೇ ಮೇಲ್‌ನಲ್ಲಿ ಒಂದು ಮಾತು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. "ಅತ್ತೆ, ಆ ಫಂಕ್ಷನ್ ಅರ್ಧ ಪಟ್ಟಿ ಕೊಟ್ಟು ಸುಮ್ಮನಾದರೆ ನನಗೆ ಗೊತ್ತೇ ಆಗಲ್ಲ, ಹಾಗೇ ಸ್ಕ್ರೀನ್ ಮೇಲೆ ಹಾಕಿಬಿಡ್ತೀನಿ" ಅಂತ ಬರೆದಿದ್ದೀಯ. ಹೆದರಬೇಡ ಅಂತ ಒಂದು ಸಾಲು ಬರೆದು ಕಳಿಸಬಹುದಿತ್ತು. ಆದರೆ ನಿನ್ನ ಭಯ ಸುಳ್ಳಲ್ಲ. ಹಾಗೆ ನಿಜವಾಗಿಯೂ ಆಗುತ್ತದೆ.

ಒರಾಕಲ್ ಅನ್ನೋ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದಕ್ಕೆ ತಂದ ಕೋಡ್ ಅಂದೆಯಲ್ಲ. ಒರಾಕಲ್ ಫಂಕ್ಷನ್ ಒಳಗೆ ಸೆಲೆಕ್ಟ್ ಇಂಟು, ಅಂದರೆ ಹುಡುಕಿ ಸಿಕ್ಕ ಸಾಲನ್ನು ಇಟ್ಟುಕೋ ಅನ್ನೋ ಆದೇಶ, ಬರೆದಾಗ ಎರಡು ಸಾಲು ಸಿಕ್ಕರೆ, 01422 ನಂಬರಿನ ಎರರ್ ಕೊಟ್ಟು ನಿಂತುಬಿಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಸೆಲೆಕ್ಟ್ ಇಂಟು ಮೊದಲ ಸಾಲನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಇಂಟು ಪಕ್ಕ ಸ್ಟ್ರಿಕ್ಟ್ ಅಂತ ಹಾಕಿದರೆ ಮಾತ್ರ ತಕರಾರು ತೆಗೆಯುತ್ತದೆ. ಬರೀ ಎಸ್‌ಕ್ಯೂಎಲ್‌ನಲ್ಲಿ, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಲ್ಲಿ, ಬರೆದ ಫಂಕ್ಷನ್ ಕೂಡ ಅಷ್ಟೇ. ಹೆಡರ್‌ನಲ್ಲಿ, ಅಂದರೆ ಏನು ಕೊಡುತ್ತೇನೆ ಅಂತ ಫಂಕ್ಷನ್ ಹೇಳುವ ಮೊದಲ ಭಾಗದಲ್ಲಿ, ಹಲವು ಸಾಲು ಬರುತ್ತವೆ ಅಂತ ತಿಳಿಸುವ ಸೆಟ್‌ಆಫ್ ಅಂತಲೋ ರಿಟರ್ನ್ಸ್ ಟೇಬಲ್ ಅಂತಲೋ ಇಲ್ಲದಿದ್ದರೆ ಕೊನೆಯ ಕ್ವೆರಿಗೆ (ಪ್ರಶ್ನೆಗೆ) ಸಿಕ್ಕ ಮೊದಲ ಸಾಲು ಮಾತ್ರ ಹೊರಗೆ ಬರುತ್ತದೆ. ಇದನ್ನೆಲ್ಲ ಹೇಳಿ ನಿನ್ನನ್ನು ಇನ್ನೂ ಹೆದರಿಸುತ್ತಿದ್ದೇನೇನೋ. ಆದರೂ ಎಲ್ಲಿ ಹೆದರಬೇಕು ಅಂತ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ನಾನು ಕೆಲಸಕ್ಕಿದ್ದ ಕಚೇರಿಯಲ್ಲಿ ಪಿಂಚಣಿ ಪಟ್ಟಿ ಒರಾಕಲ್‌ನಿಂದ ಬರುತ್ತಿತ್ತು. ಮೊತ್ತ ಲೆಕ್ಕ ಹಾಕಲು ಒಂದು ಫಂಕ್ಷನ್ ಇತ್ತು, ಅದನ್ನು ಕ್ವೆರಿ ಒಳಗಿನಿಂದಲೇ ಕರೆಯುತ್ತಿದ್ದೆವು. ಒರಾಕಲ್‌ಗೆ ಒಂದು ಗುಣ ಇದೆ: ಹಾಗೆ ಕರೆದ ಫಂಕ್ಷನ್ ಒಳಗೆ ಸಾಲೇ ಸಿಗದೆ ನೋ ಡೇಟಾ ಫೌಂಡ್ ಆದರೆ, ಆ ಎರರ್ ಹೊರಗೆ ಬರುವುದಿಲ್ಲ, ಬರೀ ನಲ್, ಅಂದರೆ ಬೆಲೆಯೇ ಇಲ್ಲ ಅನ್ನೋ ಗುರುತು, ಬರುತ್ತದೆ. ನಮ್ಮ ಕ್ವೆರಿಯಲ್ಲಿ ಮೊತ್ತ ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಷರತ್ತಿತ್ತು. ನಲ್ ಅದನ್ನು ದಾಟುವುದಿಲ್ಲ. ಹೆಸರು ಬಿದ್ದುಹೋಗುತ್ತಿತ್ತು. ವಯಸ್ಸಾದ ಒಬ್ಬ ಹೆಂಗಸು ಪಾಸ್‌ಬುಕ್ ಹಿಡಿದು ಬಂದಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೌಂಟರಿನಿಂದ ಹೇಳಿ ಕಳಿಸಿದರು. ಕಾರಣ ಸಿಕ್ಕಿದ್ದು ಎಷ್ಟೋ ದಿನ ಆದಮೇಲೆ, ಬೇರೆ ಯಾರದ್ದೋ ಹೆಸರು ಹುಡುಕುವಾಗ. ಆಕೆ ಮತ್ತೆ ಬಂದರಾ, ದುಡ್ಡು ಸಿಕ್ಕಿತಾ, ನನಗೆ ತಿಳಿಯಲೇ ಇಲ್ಲ. ನಿನ್ನ ಮೇಲ್ ಓದಿದಾಗ ಮೊದಲು ನೆನಪಾಗಿದ್ದು ಆಕೆಯ ಮುಖ.

ಆ ಫಂಕ್ಷನ್ ಬರೆದವರು ನಮ್ಮ ಹಿರಿಯರೊಬ್ಬರು. ತುಂಬ ಒಳ್ಳೆಯ ಕೆಲಸಗಾರರು. ಅವರು ನಿವೃತ್ತರಾಗುವ ಮೊದಲು ಪಕ್ಕದಲ್ಲಿ ಕೂತು, "ಸಾರ್, ಸಾಲು ಸಿಗದಿದ್ದರೆ ಇಲ್ಲಿ ಏನಾಗಬೇಕು ಅಂದುಕೊಂಡಿದ್ದೀರಿ?" ಅಂತ ಕೇಳಿ ಬರೆದಿಟ್ಟುಕೊಳ್ಳಬಹುದಿತ್ತು. ಅವರು ಸಂತೋಷದಿಂದ ಹೇಳುತ್ತಿದ್ದರು. ಅವರು ಈಗ ಇಲ್ಲ. ಇಂಥದ್ದು ಜಾಸ್ತಿ ಹೇಳಿ ಏನು ಮಾಡೋದು, ಬಿಡು.

ನಿನ್ನ ವಿಷಯಕ್ಕೆ ಬರುತ್ತೇನೆ. ಮತ್ತೆ ಅದೇ ಭಯ. ನಿಮ್ಮ ಫಂಕ್ಷನ್ ರೆಫ್‌ಕರ್ಸರ್ ಕೊಡುತ್ತದೆ ಅಂದೆ. ಅದು ಹೋಟೆಲ್ ಕೌಂಟರಿನ ಟೋಕನ್ ಇದ್ದ ಹಾಗೆ, ಟೋಕನ್ ಕೈಗೆ ಬಂತು ಅಂದರೆ ದೋಸೆ ಬಂತು ಅಂತಲ್ಲ. ಫಂಕ್ಷನ್‌ನಿಂದ ನಿನಗೆ ಬರುವುದು ಸಾಲುಗಳನ್ನು ತೆಗೆದುಕೊಳ್ಳಲು ಬೇಕಾದ ಕರ್ಸರ್‌ನ ಹೆಸರು ಮಾತ್ರ. ಸಾಲುಗಳನ್ನು ಅದೇ ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆದು ಮುಗಿಯುವ ಕೆಲಸಗಳ ಕಟ್ಟು) ಮುಗಿಯುವುದರೊಳಗೆ ತೆಗೆದುಕೊಳ್ಳಬೇಕು. ಜಾವಾದಲ್ಲಿ ಆಟೋಕಮಿಟ್, ಅಂದರೆ ಪ್ರತಿ ಆದೇಶಕ್ಕೂ ಟ್ರಾನ್ಸಾಕ್ಷನ್ ತಾನಾಗಿ ಮುಗಿಸುವ ಸೆಟ್ಟಿಂಗ್, ಆನ್ ಇದ್ದರೆ ಫಂಕ್ಷನ್ ಕರೆದ ಕೂಡಲೇ ಟ್ರಾನ್ಸಾಕ್ಷನ್ ಮುಗಿದು, ಅಂಥ ಕರ್ಸರ್ ಇಲ್ಲವೇ ಇಲ್ಲ ಅಂತ 34000 ಕೋಡ್‌ನ ಎರರ್ ಬರುತ್ತದೆ. ನೋಡು, ಇಲ್ಲಿ ಪೋಸ್ಟ್‌ಗ್ರೆಸ್ ಸರಿಯಾಗಿಯೇ ಕೂಗುತ್ತಿದೆ. ನೀನು ಕಳಿಸಿದ ಕೋಡಿನ ತುಂಡಿನಲ್ಲಿ, ಎರರ್ ಹಿಡಿಯುವ ಕ್ಯಾಚ್ ಒಳಗೆ ಖಾಲಿ ಲಿಸ್ಟ್ ರಿಟರ್ನ್ ಮಾಡಿದ್ದಾರೆ. ನನಗೆ ಹೊಟ್ಟೆಯಲ್ಲಿ ಒಂಥರಾ ಆಗಿದ್ದು ಅದನ್ನು ನೋಡಿ. ಸಾಲು ಇಲ್ಲ ಅನ್ನೋದೂ ಸಾಲು ತರಲು ಆಗಲಿಲ್ಲ ಅನ್ನೋದೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣುತ್ತದೆ. ವಿದ್ಯಾರ್ಥಿವೇತನದ ಪಟ್ಟಿ ಅಂದೆ. ಅಲ್ಲಿ ಹೆಸರು ಕಾಣದ ಮಗು ತನಗೆ ಮಂಜೂರಾಗಿಲ್ಲ ಅಂದುಕೊಂಡು ಮನೆಗೆ ಹೋಗುತ್ತದೆ.

ಆ ಕ್ಯಾಚ್ ತೆಗೆಸು. ತೆಗೆಯಲು ಬಿಡದಿದ್ದರೆ ಎರರ್ ಅನ್ನು ಲಾಗ್‌ಗೆ ಬರೆದು ಮತ್ತೆ ಮೇಲಕ್ಕೆ ಎಸೆಯುವ ಹಾಗಾದರೂ ಮಾಡು. ಹೊಸದಾಗಿ ಬರೆಯುವುದಿದ್ದರೆ ರೆಫ್‌ಕರ್ಸರ್ ಬದಲು ರಿಟರ್ನ್ಸ್ ಟೇಬಲ್ ಇಟ್ಟುಕೊಳ್ಳಿ ಅಂತ ಕೇಳಿ ನೋಡು. ಅದು ಪೋಸ್ಟ್‌ಗ್ರೆಸ್‌ನಲ್ಲಿ 2009ರ 8.4 ಆವೃತ್ತಿಯಿಂದಲೂ ಇದೆ. ಆಗ ಮಾಮೂಲಿ ಟೇಬಲ್ ಥರ ಸೆಲೆಕ್ಟ್ ಸ್ಟಾರ್ ಫ್ರಮ್ ಹಾಕಿ ಫಂಕ್ಷನ್ ಹೆಸರು ಬರೆದರೆ ಸಾಲುಗಳು ನೇರ ಬರುತ್ತವೆ. ಫ್ರಮ್ ಮರೆಯಬೇಡ, ಇಲ್ಲದಿದ್ದರೆ ಇಡೀ ಸಾಲು ಬ್ರಾಕೆಟ್ ಹಾಕಿಕೊಂಡು ಒಂದೇ ಕಾಲಂನಲ್ಲಿ ಬರುತ್ತದೆ. ಸಾಲುಗಳನ್ನು ಉತ್ತರಕ್ಕೆ ಸೇರಿಸುವ ರಿಟರ್ನ್ ಕ್ವೆರಿ ಅಂತ ಬರೆದ ತಕ್ಷಣ ಫಂಕ್ಷನ್ ನಿಲ್ಲುವುದಿಲ್ಲ, ಕೆಳಗಿನದ್ದೂ ನಡೆಯುತ್ತದೆ, ಅದೂ ಗಮನದಲ್ಲಿರಲಿ. ನಾನು ಹೇಳುವುದು ಹಳೆಯ ಕಾಲದವಳ ಮಾತು ಅನ್ನಿಸಿದರೆ ಡೇಟಾಬೇಸ್ ನೋಡಿಕೊಳ್ಳುವ ನಿಮ್ಮ ಡಿಬಿಎ ಹೇಳಿದ್ದನ್ನೇ ಕೇಳು, ಬೇಜಾರಿಲ್ಲ.

ಎಣಿಕೆ ಮಾತ್ರ ಬಿಡಬೇಡ. ಫಂಕ್ಷನ್ ಮುಟ್ಟದೆ, ಮೂಲ ಟೇಬಲ್‌ಗಳಿಂದ ಬೇರೆಯಾಗಿ ಒಂದು ಕೌಂಟ್ ಬರೆದು, ಸ್ಕ್ರೀನಿನ ಸಾಲುಗಳ ಜೊತೆ ಹೋಲಿಸು. ಫಂಕ್ಷನ್ ಮೇಲೇ ಕೌಂಟ್ ಹಾಕಿದರೆ ಅದು ಕಳೆದುಕೊಂಡದ್ದು ನಿನಗೆ ಹೇಗೆ ಕಾಣುತ್ತದೆ? ತಾಳೆ ಆಗದಿದ್ದರೆ ಅವತ್ತೇ ಕೇಳು. ಆ ಫಂಕ್ಷನ್ ಬರೆದವರು ಇನ್ನೂ ನಿಮ್ಮ ಟೀಮಿನಲ್ಲೇ ಇದ್ದಾರೆ ಅಂದೆಯಲ್ಲ, ಅವರನ್ನೇ ಕೇಳು. ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಇರಬೇಡ.

ಭಾನುವಾರ ಫೋನ್ ಮಾಡು. ಫಂಕ್ಷನ್ ಹೆಡರ್ ಒಂದನ್ನು ಓದಿ ಹೇಳು ಸಾಕು, ರಿಟರ್ನ್ಸ್ ಆದಮೇಲೆ ಏನಿದೆ ಅಂತ ನನಗೆ ಕೇಳಬೇಕು.

ನಿನ್ನ
ಅತ್ತೆ