ಹೊಡೆತ ತಿಂದ ಚಾಲಕನಿಗೂ ಕಾನೂನು ಕೊಡಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಕಾರವಾರದ ಒಬ್ಬ ಟ್ಯಾಕ್ಸಿ ಚಾಲಕನ ನಮಸ್ಕಾರಗಳು.

ಬೈದರೆ ಬೈಸಿಕೊಂಡು, ಕಾಲರ್ ಹಿಡಿದರೆ ಬಿಡಿಸಿಕೊಂಡು ಇಷ್ಟು ವರ್ಷ ಬಾಡಿಗೆ ಹೊಡೆದೆ. ಈ ಮಳೆಗಾಲದಲ್ಲಿ ಆದದ್ದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ.

ಗೋವಾದಿಂದ ನಾಲ್ವರನ್ನು ಗೋಕರ್ಣಕ್ಕೆ ಕರೆತರುತ್ತಿದ್ದೆ. ಮಾಜಾಳಿ ಚೆಕ್‌ಪೋಸ್ಟ್ ದಾಟಿದ್ದೇ ತಡ, ಹಿಂದಿನ ಸೀಟಿನಲ್ಲಿ ಬಾಟಲಿ ತೆಗೆದರು. "ಗಾಡಿಯಲ್ಲಿ ಕುಡಿಯಬೇಡಿ ಸಾರ್, ಕೇಸ್ ಆದರೆ ಗಾಡಿ ನನ್ನದು" ಅಂದೆ. ಕೇಳಲಿಲ್ಲ. ಬದಿಗೆ ನಿಲ್ಲಿಸಿದೆ. ಒಬ್ಬ ಕೀ ಕಿತ್ತು ಚರಂಡಿಗೆ ಎಸೆದ. ಇನ್ನೊಬ್ಬ ಬಾಗಿಲು ತೆಗೆದು ನನ್ನನ್ನು ಕೆಳಗೆಳೆದು ಮುಖಕ್ಕೆ ಗುದ್ದಿದ. ಕನ್ನಡಕ ಒಡೆದು ಕಣ್ಣಿನ ಕೆಳಗೆ ಸೀಳಿತು. ಸುರಿಯುವ ಮಳೆಯಲ್ಲಿ ಮೊಣಕಾಲೂರಿ, ಕೆಸರು ನೀರಿಗೆ ಕೈ ಹಾಕಿ ಕೀ ಹುಡುಕುತ್ತಿದ್ದರೆ ಮೇಲಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ನಗುತ್ತಿದ್ದರು. ನನ್ನ ಮಗನಿಗಿಂತ ಚಿಕ್ಕವರು.

ಮುಖಕ್ಕೆ ಹೊಲಿಗೆ ಹಾಕಿಸಿಕೊಂಡು ಠಾಣೆಗೆ ಹೋದೆ. "ಇದು ಎನ್‌ಸಿ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ) ಕೇಸು, ಕೋರ್ಟಿನ ಅನುಮತಿ ಬೇಕು. ರಾಜಿ ಮಾಡ್ಕೋ ಮಾರಾಯ, ಬಾಡಿಗೆ ದುಡ್ಡು ಕೊಡಿಸ್ತೇವೆ" ಅಂದರು. ನಾನು ಹೋದದ್ದು ಬಾಡಿಗೆ ವಸೂಲಿಗೆ ಅಲ್ಲ ಸ್ವಾಮಿ.

ಕಲಂಗಳು ನಿಮಗೆ ಗೊತ್ತೇ ಇವೆ. ನನಗಾದ ಗಾಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 115(2). ಕೋರ್ಟ್ ಆದೇಶ ಇಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ. ಅದೇ ಹೆದ್ದಾರಿಯಲ್ಲಿ ವಾಯವ್ಯ ಸಾರಿಗೆ ಬಸ್ಸಿನ ಚಾಲಕನಿಗೆ ಹೊಡೆದರೆ ಸರ್ಕಾರಿ ನೌಕರರ ಮೇಲಿನ ಹಲ್ಲೆಯ ಕಲಂ 132 ಇದೆ, ಜಾಮೀನು ಸುಲಭಕ್ಕೆ ಸಿಗುವುದಿಲ್ಲ. ವೈದ್ಯರು, ನರ್ಸ್‌ಗಳ ರಕ್ಷಣೆಗೆ 2009ರಲ್ಲೇ ರಾಜ್ಯ ಬೇರೆ ಕಾಯ್ದೆ ಮಾಡಿದೆ, ಹೊಡೆದವರಿಗೆ ಜೈಲು. ಅವರಿಗೆ ಇರಲಿ, ಇರಲೇಬೇಕು. ನಮಗೆ ಯಾಕಿಲ್ಲ? ನಮ್ಮದೂ ಸ್ಟೇರಿಂಗೇ ಅಲ್ವಾ?

2025ರಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ, ಕಾಯ್ದೆ ತಂದಿರಿ. ಕಲ್ಯಾಣ ಮಂಡಳಿ ಬಂತು, ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ಬಂತು. ಒಳ್ಳೆಯದೇ. ಆದರೆ ಹೊಡೆದವನಿಗೆ ಏನು ಶಿಕ್ಷೆ ಎಂಬ ಒಂದು ಸಾಲು ಅದರಲ್ಲಿ ಇಲ್ಲ. ಊಟ ತಲುಪಿಸುವ ಹುಡುಗರನ್ನೇ ಕೇಳಿ ನೋಡಿ. ಮಳೆಗೆ ತಡವಾಯಿತೆಂದು ಕೆನ್ನೆಗೆ ಹೊಡೆಸಿಕೊಂಡವನು ದೂರು ಕೊಡಲ್ಲ. ಗಿರಾಕಿ ಆ್ಯಪ್‌ನಲ್ಲಿ ಏನಾದರೂ ಬರೆದು ಐಡಿ ಬ್ಲಾಕ್ ಆದರೆ ಗತಿಯೇನು ಎಂಬ ಹೆದರಿಕೆ.

ಆದ್ದರಿಂದ ಕೇಳುತ್ತಿದ್ದೇನೆ. ಕೆಲಸದ ಮೇಲಿರುವ ಚಾಲಕ, ಡೆಲಿವರಿ ಹುಡುಗನ ಮೇಲೆ ಕೈ ಮಾಡಿದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತೆ, ಜಾಮೀನು ಸಿಗದಂತೆ ಕಾನೂನು ಮಾಡಿ. ಆ್ಯಪ್ ಇಲ್ಲದೆ ಸ್ವಂತ ಗಾಡಿ ಓಡಿಸುವ ನನ್ನಂಥವರನ್ನೂ ಅದರಲ್ಲಿ ಸೇರಿಸಿ. ವಿಮೆ, ಪರಿಹಾರ ಆಮೇಲೆ ಮಾತಾಡೋಣ. ಮೊದಲು ಹೊಡೆದವನ ಮೇಲೆ ಕೇಸು ಆಗಲಿ. ಬರುವ ಅಧಿವೇಶನದಲ್ಲೇ ಈ ಕಾನೂನು ತನ್ನಿ.

ಇತಿ,
ಕಾರವಾರದ ಒಬ್ಬ ಟ್ಯಾಕ್ಸಿ ಚಾಲಕ