ಜೋಳದ ರೊಟ್ಟಿಗೆ ‘ಒಬ್ಬರಿಗೆ’ ಎಂಬ ಅಳತೆಯಿಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ಮಾಡಿ ನಾಲ್ಕು ಮಂದಿಯೊಂದಿಗೆ ಹಂಚಿಕೊಂಡು ತಿನ್ನಬಹುದಾದ ರೊಟ್ಟಿಗಳು ಮತ್ತು ಬೆಳಗಿನ ತಿಂಡಿಗಳನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದು ಪೂರ್ಣ ಪುಟದ ಬರಹ ಪ್ರಕಟವಾಗಿತ್ತು. ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ತಾಲಿಪಟ್ಟುಗಳ ಸಾಲಿನಲ್ಲಿ ನಮ್ಮ ಜೋಳದ ರೊಟ್ಟಿಗೂ ಒಂದು ಚೌಕ ದೊರೆತದ್ದನ್ನು ಕಂಡು ಸಂತೋಷಪಟ್ಟೆನಾದರೂ, ಓದಿ ಮುಗಿಸುವ ಹೊತ್ತಿಗೆ ಆ ಸಂತೋಷ ಉಳಿಯಲಿಲ್ಲ. ಎರಡು ಭಾಗ ಜೋಳದ ಹಿಟ್ಟಿಗೆ ಒಂದು ಭಾಗ ಗೋಧಿ ಹಿಟ್ಟು ಬೆರೆಸಿ, ತಣ್ಣೀರಿನಲ್ಲಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಲಟ್ಟಣಿಗೆಯಿಂದ ಲಟ್ಟಿಸಬೇಕೆಂದು ಅಲ್ಲಿ ಬರೆದಿತ್ತು. ಕೊನೆಯಲ್ಲಿ ‘ಪ್ರಮಾಣ: ಒಬ್ಬರಿಗೆ, ಎರಡು ರೊಟ್ಟಿ’ ಎಂದೂ, ‘ಬೆಳಗಿನ ತಿಂಡಿಗಿಂತ ಮಧ್ಯಾಹ್ನದ ಊಟಕ್ಕೆ ಹೆಚ್ಚು ಸೂಕ್ತ’ ಎಂದೂ ಎರಡು ಮಾತು ಸೇರಿದ್ದವು.

ಓದಿ ಸುಮ್ಮನಾಗುತ್ತಿದ್ದೆನೋ ಏನೋ. ಅದೇ ದಿನ ಪುಣೆಯಲ್ಲಿರುವ ನನ್ನ ತಂಗಿಯ ಮಗಳು ಫೋನ್ ಮಾಡಿ, “ಮಾಮಾ, ರೊಟ್ಟಿ ಎತ್ತಾಕ ಹೋದ್ರ ಹರದ ಹೊಂಟೈತಿ, ಏನ್ ಮಾಡ್ಲಿ?” ಎಂದು ಅಳುಮೋರೆಯ ದನಿಯಲ್ಲಿ ಕೇಳಿದಳು. ಮೇಲಿನ ಮನೆಯವರನ್ನು ನಾಷ್ಟಾಕ್ಕೆ ಕರೆದಿದ್ದಳಂತೆ. ಗೋಧಿ ಹಿಟ್ಟು ಬೇಡವೆಂದು ಕೈಬಿಟ್ಟು, ಉಳಿದದ್ದನ್ನೆಲ್ಲ ಪುರವಣಿಯಲ್ಲಿ ಇದ್ದಂತೆಯೇ ಮಾಡಿದ್ದಾಳೆ. ತಣ್ಣೀರಿನಲ್ಲಿ ಕಲಸಿದ ಬರೀ ಜೋಳದ ಹಿಟ್ಟು ಕೈಗೆ ಬಾರದೆ ಮರಳಿನಂತೆ ಒಡೆದಿದೆ. ಆಕೆಯ ತಪ್ಪೇನೂ ಇಲ್ಲ. ಜೋಳದಲ್ಲಿ ಗೋಧಿಯಲ್ಲಿರುವಂತಹ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇಲ್ಲವೇ ಇಲ್ಲ. ಆದ್ದರಿಂದ ಅದನ್ನು ಎಷ್ಟು ಹೊತ್ತು ನಾದಿದರೂ, ಎಷ್ಟು ಹೊತ್ತು ನೆನೆಸಿಟ್ಟರೂ ಚಪಾತಿ ಹಿಟ್ಟಿನಂತೆ ಎಳೆ ಬರುವುದಿಲ್ಲ. ಅದನ್ನು ಹಿಡಿದಿಡುವುದು ಕುದಿಯುವ ಎಸರು ಮಾತ್ರ. ಬಿಸಿನೀರು ತಾಗಿದ ಕೂಡಲೇ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬಿಡುತ್ತದೆ, ಆ ಜಿಗಿಯೇ ರೊಟ್ಟಿಯ ಅಂಚನ್ನು ಸೀಳದಂತೆ ಕಾಯುತ್ತದೆ. ನಮ್ಮ ಕಡೆಯ ಅಜ್ಜಿಯರು ಪಿಷ್ಟದ ಹೆಸರನ್ನೇ ಕೇಳಿರಲಿಲ್ಲವಾದರೂ, ಎಸರು ಕುದಿಯದೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಇದನ್ನು ನಾನು ಅಧಿಕಾರದಿಂದ ಹೇಳುತ್ತಿದ್ದೇನೆಂದು ಓದುಗರು ತಿಳಿಯಬಾರದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಪಾಠ ಹೇಳಿ, ದಿನವೂ ಬಿಸಿ ರೊಟ್ಟಿ ತಿಂದು, ಒಮ್ಮೆಯೂ ಹಂಚಿನ ಮುಂದೆ ಕೂಡದೆ ನಿವೃತ್ತನಾದ ಮನುಷ್ಯ ನಾನು. ನಿವೃತ್ತಿಯಾದ ಮರುವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ, ಒಂದು ವಾರ ಪೇಟೆಯ ರೊಟ್ಟಿ ತಂದೆ. ಎಂಟನೆಯ ದಿನ ಆಕೆಯೇ, “ನೀವ ಕೂಡ್ರಿ, ನಾ ಹೇಳ್ತೀನಿ” ಎಂದಳು. ಅಂದು ಕಲಿತದ್ದನ್ನೇ, ತಮ್ಮ ಪುರವಣಿಯ ಚೌಕದಲ್ಲಿ ಇರಬೇಕಾಗಿದ್ದದ್ದು ಎಂಬ ಕಾರಣಕ್ಕೆ, ಇಲ್ಲಿ ಬರೆಯುತ್ತೇನೆ.

ಹಿಟ್ಟು ಹೊಸದಾಗಿರಬೇಕು. ಗಿರಣಿಯಿಂದ ತಂದು ಹದಿನೈದು ದಿನ ಮೀರಿದ ಹಿಟ್ಟಿನಲ್ಲಿ ಜಿಗಿ ಕಡಿಮೆಯಾಗುತ್ತದೆ, ಇನ್ನೂ ಹಳತಾದರೆ ಸಣ್ಣ ಕಹಿಯೂ ಬರುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಬಟ್ಟಲು ನೀರನ್ನು ಚಿಟಿಕೆ ಉಪ್ಪಿನೊಂದಿಗೆ ಕುದಿಸಿ, ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಹೊಯ್ದು, ಮೊದಲು ಹುಟ್ಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ನಾದುವುದು ಇಲ್ಲಿಗೆ ಮುಗಿಯಲಿಲ್ಲ. ಒಂದೊಂದು ಉಂಡೆಯನ್ನೂ ಬಡಿಯುವ ಮುನ್ನ ಒದ್ದೆ ಕೈಯಿಂದ ಮತ್ತೊಮ್ಮೆ ನಾದಿದರೆ ಮಾತ್ರ ಅಂಚು ಸೀಳುವುದಿಲ್ಲ. ಆಮೇಲೆ ಒಣಹಿಟ್ಟು ಉದುರಿಸಿ ಉಂಡೆಯನ್ನು ಚಪ್ಪಟೆ ಮಾಡಿ ಬಡಿಯುವುದು. ನಾವು ಇದನ್ನು ರೊಟ್ಟಿ ಬಡಿಯುವುದು ಎನ್ನುತ್ತೇವೆಯೇ ಹೊರತು ಲಟ್ಟಿಸುವುದು ಎನ್ನುವುದಿಲ್ಲ. ಬಲಗೈಯ ಪ್ರತಿ ಏಟಿಗೂ ರೊಟ್ಟಿ ತಾನಾಗಿ ಚೂರು ಚೂರೇ ತಿರುಗುತ್ತ ಹೋಗಬೇಕು, ಎಡಗೈ ಅಂಚನ್ನು ಕಾಯುತ್ತಿರಬೇಕು. ನನ್ನ ಮೊದಲ ರೊಟ್ಟಿ ತಿರುಗಲೇ ಇಲ್ಲ, ನಾನೇ ಪರಾತವನ್ನು ತಿರುಗಿಸಿದೆ. ಹೆಂಡತಿ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನಕ್ಕಳು. ಕಾದ ಹಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಮಗ್ಗಲು ಮೇಲೆ ಬರಬೇಕು. ಆ ಹಿಟ್ಟನ್ನು ಒದ್ದೆ ಅರಿವೆಯಿಂದ ಒರೆಸಿ, ನೀರು ಆರುತ್ತಿದ್ದಂತೆ ಮಗುಚಿ, ಎರಡೂ ಕಡೆ ಬೆಂದ ಬಳಿಕ ಕೆಂಡದ ಮುಂದೆ ಹಿಡಿದರೆ ರೊಟ್ಟಿ ಬಲೂನಿನಂತೆ ಉಬ್ಬುತ್ತದೆ. ಗ್ಯಾಸ್ ಒಲೆಯ ಉರಿಯ ಮೇಲೂ ಉಬ್ಬುತ್ತದೆ, ಸುಟ್ಟ ಘಮ ಮಾತ್ರ ತುಸು ಕಡಿಮೆ.

ಗೋಧಿ ಬೆರೆಸುವ ವಿಷಯಕ್ಕೆ ಬರುತ್ತೇನೆ. ಲಟ್ಟಣಿಗೆಗೆ ಒಗ್ಗಲಿ ಎಂದು ಗೋಧಿಯನ್ನೋ ಮೈದಾವನ್ನೋ ಬೆರೆಸುವವರು ಬೆರೆಸಲಿ, ತಿನ್ನುವವರು ತಿನ್ನಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಜೋಳದ ರೊಟ್ಟಿ ಎಂದು ಕರೆಯುವುದು ಬರೀ ರುಚಿಯ ಪ್ರಶ್ನೆಯಲ್ಲ. ಗೋಧಿಯ ಗ್ಲುಟೆನ್ ಮೈಗೆ ಆಗದ ಸೀಲಿಯಾಕ್ ರೋಗಿಗಳು ಜೋಳ ಎಂಬ ಹೆಸರನ್ನು ನಂಬಿಯೇ ತಟ್ಟೆಗೆ ಕೈ ಹಾಕುತ್ತಾರೆ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ನನಗೆ ಬಡಿಸಿದ ‘ಜೋಳದ ರೊಟ್ಟಿ’ಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಅದು ರಬ್ಬರಿನಂತೆ ಹಿಗ್ಗಿತು. ಜೋಳ ಮುರಿಯುತ್ತದೆ, ಹಿಗ್ಗುವುದಿಲ್ಲ. ಗೋಧಿ ಧಾರಾಳವಾಗಿ ಬೆರೆತಿದ್ದರೆ ಮನೆಯಲ್ಲಿ ಹೀಗೆ ತಿಳಿಯಬಹುದು, ಸ್ವಲ್ಪವೇ ಬೆರೆತಿದ್ದರೆ ತಿಳಿಯದು.

ಜೋಳದಲ್ಲಿಯೂ ಎಲ್ಲ ಜೋಳ ಒಂದೇ ಅಲ್ಲ. ಎರೆಹೊಲದಲ್ಲಿ ಹಿಂಗಾರಿಯಲ್ಲಿ ಬಿತ್ತಿ, ಮಳೆಯಿಲ್ಲದೆ ಮಣ್ಣಿನ ಹಸಿ ಮತ್ತು ಇಬ್ಬನಿಯ ಮೇಲೆಯೇ ಬೆಳೆಯುವ ಮಾಲ್ದಂಡಿ ಬಿಳಿಜೋಳದ ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ. ಹೈಬ್ರಿಡ್ ಜೋಳದ್ದು ಬುಟ್ಟಿ ಸೇರುವಷ್ಟರಲ್ಲಿ ಬಿರುಸಾಗುತ್ತದೆ. 2024–25ರಲ್ಲಿ ಕೇಂದ್ರ ಸರ್ಕಾರ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,371 ರೂಪಾಯಿ, ಮಾಲ್ದಂಡಿಗೆ 3,421 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತ್ತು. ಐವತ್ತೇ ರೂಪಾಯಿಯ ಈ ಅಂತರವನ್ನು ಗೊತ್ತುಮಾಡಿದವರು ಎರಡೂ ಜೋಳದ ರೊಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ತಿಂದಿರಲಾರರು.

ಇನ್ನು ‘ಮಧ್ಯಾಹ್ನದ ಊಟಕ್ಕೆ ಸೂಕ್ತ’ ಎಂಬ ಮಾತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳಗಿನ ಉಣಿಸಿಗೆ ನ್ಯಾರಿ ಎನ್ನುತ್ತಾರೆ, ಮತ್ತು ನ್ಯಾರಿ ಎಂದರೆ ರೊಟ್ಟಿಯೇ. ಇಂದು ಗದಗ, ಹುಬ್ಬಳ್ಳಿಯ ಬೀದಿಗಳಲ್ಲಿ ಮುಂಜಾನೆ ಸುಸಲಾ–ಮಿರ್ಚಿ, ಉಪ್ಪಿಟ್ಟು, ಇಡ್ಲಿ–ವಡೆಗಳ ದರ್ಬಾರು ನಡೆದಿರುವುದು ನಿಜವಾದರೂ, ಅವು ಪೇಟೆಯ ನಾಷ್ಟಾ. ಹೊಲಕ್ಕೆ ಹೋಗುವವನ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಅಥವಾ ಗುರೆಳ್ಳು ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ, ಇದ್ದರೆ ಕೆನೆಮೊಸರು ಇರುತ್ತಿದ್ದವು, ಈಗಲೂ ಇರುತ್ತವೆ. ನೇಗಿಲು ಬಿಟ್ಟು ಗಿಡದ ನೆರಳಿಗೆ ಬಂದು ಬುತ್ತಿಗಂಟು ಬಿಚ್ಚಿದವನು ಪಕ್ಕದ ಹೊಲದವನನ್ನು ‘ಬಾರಪಾ ನ್ಯಾರಿಗೆ’ ಎಂದು ಕೂಗದೆ ಮೊದಲ ತುತ್ತು ಮುರಿಯುತ್ತಿರಲಿಲ್ಲ. ‘ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ’ ಎಂಬ ಗಾದೆಯನ್ನು ಎಲ್ಲರೂ ಶಕ್ತಿಯ ಮಾತಾಗಿ ಎತ್ತಿ ಆಡುತ್ತಾರೆ. ತೋಳ ಹಿಂಡಿನಲ್ಲಿ ತಿನ್ನುವ ಪ್ರಾಣಿ ಎಂಬುದನ್ನೂ ಅದಕ್ಕೆ ಸೇರಿಸಬಹುದು.

ಈ ಕಾರಣದಿಂದಲೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ‘ಒಬ್ಬರಿಗೆ, ಎರಡು ರೊಟ್ಟಿ’ ಎಂಬ ಸಾಲು. ಎಸರಿಟ್ಟು, ಹಿಟ್ಟು ನಾದಿ, ಹಂಚು ಕಾಯಿಸಿ ಎರಡೇ ರೊಟ್ಟಿ ಬಡಿದು ಏಳುವವರನ್ನು ನಾನು ಕಂಡಿಲ್ಲ. ಹಂಚು ಹದಕ್ಕೆ ಬರುವಷ್ಟರಲ್ಲಿಯೇ ಎರಡು ರೊಟ್ಟಿ ಮುಗಿದಿರುತ್ತವೆ. ಒಂದು ಕಿಲೋ ಹಿಟ್ಟಿಗೆ 15ರ ಆಸುಪಾಸು ರೊಟ್ಟಿಯಾಗುತ್ತವೆ, ನಮ್ಮ ಮನೆಗಳ ಅಳತೆ ಅಲ್ಲಿಂದ ಆರಂಭ. ಮನೆಮಂದಿಗಾಗಿ ಉಳಿದದ್ದು ಬಂದವರಿಗೆ, ಅದೂ ಉಳಿದರೆ ಖಡಕ್ ರೊಟ್ಟಿಯಾಗಿ ಒಣಗಿ ಗೂಡಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮದುವೆಯ ಮನೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಮುಯ್ಯಿಯಂತೆ ಸೇರಿ ರೊಟ್ಟಿ ಬಡಿದುಕೊಡುವ ರೂಢಿ ಇನ್ನೂ ಹೋಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಪ್ರತಿ ಜನವರಿಯಲ್ಲಿ ಸುತ್ತಲಿನ ಊರೂರುಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತದೆ. ಲಕ್ಷಗಟ್ಟಲೆ ಬರುವ ಆ ರೊಟ್ಟಿಗಳನ್ನು ಯಾವ ಒಂದು ಅಡುಗೆಮನೆಯೂ ಮಾಡಿರುವುದಿಲ್ಲ, ಸಾವಿರಾರು ಮನೆಗಳ ಹಂಚುಗಳು ಮಾಡಿರುತ್ತವೆ. ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ಹೊಂದಿಕೊಂಡು ರೊಟ್ಟಿ ಜಾತ್ರೆಯೇ ನಡೆಯುತ್ತದೆ. ಜಾತಿ, ಮತ ಕೇಳದೆ ಪಂಕ್ತಿಯಲ್ಲಿ ಕುಳಿತು ಖಡಕ್ ರೊಟ್ಟಿ, ಭಜ್ಜಿ, ಕರಿಂಡಿ ಎಂಬ ಖಾರದ ವ್ಯಂಜನ ಉಣ್ಣುವುದೇ ಅಲ್ಲಿಯ ಪ್ರಸಾದ.

ಇದರ ಇನ್ನೊಂದು ಮಗ್ಗಲನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಈ ಹಂಚಿಕೆಯ ಹೊರೆಯೆಲ್ಲ ಹೆಣ್ಣುಮಕ್ಕಳ ರಟ್ಟೆಯ ಮೇಲೆ ಬಿದ್ದಿತ್ತು. ನಸುಕಿನಲ್ಲಿ ಓಣಿಯಲ್ಲೆಲ್ಲ ಕೇಳುವ ರೊಟ್ಟಿ ಬಡಿಯುವ ಸಪ್ಪಳವನ್ನು ಕುರಿತು ಹಾಸಿಗೆಯಲ್ಲಿ ಮಲಗಿಯೇ ಮೆಚ್ಚಿ ಮಾತಾಡಿದ ಗಂಡಸರಲ್ಲಿ ನಾನೂ ಒಬ್ಬ. ಹತ್ತನೆಯ ರೊಟ್ಟಿಗೆ ಹೆಗಲು ಹೇಗೆ ಸೋಲುತ್ತದೆ ಎಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಈಗ ಸ್ವಸಹಾಯ ಸಂಘಗಳ ಮಹಿಳೆಯರು ಖಡಕ್ ರೊಟ್ಟಿ ಮಾಡಿ ಮಾರಿ, ಅದೇ ಶ್ರಮಕ್ಕೆ ಹಣ ಎಣಿಸಿಕೊಳ್ಳುತ್ತಿದ್ದಾರೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ದೂರದ ಊರುಗಳಿಗೂ ಹೋಗುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಬಗ್ಗೆ ಆಡಿದ ಭಾಷಣಗಳಿಗಿಂತ ಇದು ಹೆಚ್ಚಿನ ಕೆಲಸ ಎಂದು ನನ್ನ ಅನಿಸಿಕೆ. ಮನೆಯ ಹಂಚಿನ ಮುಂದೆ ಗಂಡಸರೂ ಕೂಡಬೇಕೆಂಬ ಒಂದು ಸಾಲು ಪುರವಣಿಯಲ್ಲಿ ಇದ್ದಿದ್ದರೆ ನಾನು ಉಳಿದ ತಪ್ಪುಗಳಲ್ಲಿ ಅರ್ಧವನ್ನು ಮನ್ನಿಸುತ್ತಿದ್ದೆ.

ಬೆಳಗಿನ ಹೊತ್ತು ಮಕ್ಕಳಿಗೆ ರೊಟ್ಟಿ ಸೇರುವುದಿಲ್ಲ ಎನ್ನುವ ತಾಯಂದಿರಿಗಾಗಿ ಪುರವಣಿ ಮುಟಗಿಯನ್ನಾದರೂ ಹೇಳಬಹುದಿತ್ತು. ಹಂಚಿನಿಂದ ಆಗ ತಾನೇ ಇಳಿದ, ಕೈ ಸುಡುವ ರೊಟ್ಟಿಯನ್ನು ಒರಳಿಗೆ ಮುರಿದು ಹಾಕಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ, ಮೇಲೆ ಎರಡು ಚಮಚ ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಬಿಟ್ಟು, ಮುಷ್ಟಿಯಲ್ಲಿ ಅಮುಕಿದರೆ ಆಯಿತು. ಮುಷ್ಟಿಯ ಅಚ್ಚು ಮೂಡಿರುವುದರಿಂದಲೇ ಅದಕ್ಕೆ ಮುಟಗಿ ಎಂಬ ಹೆಸರು. ರೊಟ್ಟಿ ಆರಿದರೆ ಅದು ಕೂಡಿ ಬರುವುದಿಲ್ಲ, ಉದುರುತ್ತದೆ. ಆದ್ದರಿಂದ ಮಕ್ಕಳು ಒರಳಿನ ಸುತ್ತ ಕುಳಿತೇ ಕಾಯಬೇಕು, ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಸರದಿ. ಮುಟಗಿಗೆ ಕುಳಿತ ಮಗು ಹಲ್ಲುಜ್ಜಲು ಸತಾಯಿಸಿದ್ದನ್ನು ನಾನು ನೋಡಿಲ್ಲ.

ಪುಣೆಯ ಹುಡುಗಿಗೆ ಅಂದು ಫೋನಿನಲ್ಲಿಯೇ ಎಸರಿಡಲು ಹೇಳಿದೆ. ಮೊದಲ ಎರಡು ರೊಟ್ಟಿ ಕೆಟ್ಟವು, ಮೂರನೆಯದು ಭಾರತದ ನಕಾಶೆಯಾಯಿತು, ಐದನೆಯದರಿಂದ ಗುಂಡಗೆ ಬಂತೆಂದು ಆಕೆ ಫೋಟೋ ಕಳಿಸಿದಳು. ಮೇಲಿನ ಮನೆಯವರು ಭಾಕರಿ, ಅಂದರೆ ಮರಾಠಿಗರ ಜೋಳದ ರೊಟ್ಟಿ, ತಿನ್ನುವ ಜನ. ತಾವೇ ಕೆಳಗಿಳಿದು ಬಂದು ಉಳಿದ ಹಿಟ್ಟನ್ನು ಬಡಿದುಕೊಟ್ಟರಂತೆ. ಪುರವಣಿಯ ಮಾತು ನಂಬಿ ತಣ್ಣೀರಿನಲ್ಲಿ ಹಿಟ್ಟು ಕಲಸಿ ಕುಳಿತ ಓದುಗರು ಇನ್ನೆಷ್ಟು ಮಂದಿಯೋ. ಮುಂದಿನ ಭಾನುವಾರದ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ, ಜಾಗ ಎಷ್ಟೇ ಚಿಕ್ಕದಾಗಿರಲಿ, ಕುದಿಯುವ ಎಸರಿನ ಮಾತನ್ನು ಬಿಡಬಾರದೆಂದೂ, ಪ್ರಮಾಣದ ಸಾಲಿನಲ್ಲಿ ‘ಒಬ್ಬರಿಗೆ’ ಎಂಬುದನ್ನು ಅಳಿಸಿ ‘ಒಂದು ಕಿಲೋ ಹಿಟ್ಟು, 15 ರೊಟ್ಟಿ’ ಎಂದು ಬರೆಯಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಗದಗ ಜಿಲ್ಲೆ